ಹಿಂದಿನ ಚಕ್ರಕ್ಕೂ ಅಲೈನ್‌ಮೆಂಟ್ ಬೇಕು: ಹಳೆಯ ಸ್ಟೇಶನ್ ವ್ಯಾಗನ್‌ನಲ್ಲಿ ಅಡುಗೆ ಸಾಗಿಸುವವರಿಗೆ



ಹೊಟೇಲಿಗರ ಪತ್ರಿಕೆಯಲ್ಲಿ ಗಾಡಿಯ ಚಕ್ರದ ವಿಚಾರವೇಕೆ ಎಂದು ಕೆಲವರಿಗೆ ಅನಿಸಬಹುದು. ಔಟ್‌ಡೋರ್ ಆರ್ಡರ್ ಮಾಡುವವರು ಹಾಗೆ ಕೇಳಲಾರರು. ಅಡುಗೆ ಎಷ್ಟೇ ಚೆನ್ನಾಗಿ ಆಗಿರಲಿ, ಅದು ಹಾಲ್‌ಗೆ ತಲುಪುವ ತನಕ ನಮ್ಮ ಕೆಲಸ ಮುಗಿಯುವುದಿಲ್ಲ. ದೊಡ್ಡ ಮದುವೆಗಳಿಗೆ ಟೆಂಪೊ ಉಂಟು. ಆದರೆ ನೂರು, ನೂರೈವತ್ತು ಎಲೆಯ ಉಪನಯನ, ಸೀಮಂತ, ಗೃಹಪ್ರವೇಶಗಳಿಗೆ ನಮ್ಮಲ್ಲಿ ಅನೇಕರು ಇಂದಿಗೂ ಓಮ್ನಿಯನ್ನೋ ಈಕೋವನ್ನೋ ಅಥವಾ ನಮ್ಮ ಹಾಗೆ ಯಾವುದಾದರೂ ಹಳೆಯ ಸ್ಟೇಶನ್ ವ್ಯಾಗನ್ನನ್ನೋ ಉಪಯೋಗಿಸುತ್ತೇವೆ. ಹಿಂದಿನ ಬಾಗಿಲು ಎತ್ತಿದರೆ ಕೊಳಗ ನೇರವಾಗಿ ಒಳಗೆ ಜಾರುತ್ತದೆ, ಡ್ರೈವರ್ ಜತೆ ಇಬ್ಬರು ಹುಡುಗರೂ ಕೂರುತ್ತಾರೆ, ಸಂದುಗೊಂದಿಯ ಸೊಸೈಟಿ ಗೇಟಿನೊಳಗೂ ನುಗ್ಗುತ್ತದೆ.

ನಮ್ಮದು 2005ರ ಟಾಟಾ ಇಂಡಿಗೊ ಮರೀನಾ, ಪೆಟ್ರೋಲ್. 2018ರ ಜೂನ್ ತಿಂಗಳ ಒಂದು ಬೆಳಿಗ್ಗೆ ಮಾಟುಂಗದಿಂದ ಠಾಣೆಗೆ ಒಂದು ಉಪನಯನದ ಅಡುಗೆ ಹೊರಟಿತ್ತು. ಹಿಂದಿನ ಸೀಟಿನ ಬೆನ್ನಿಗೆ ಮೂರು ಕೊಳಗ: ಸಾರು, ಸಾಂಬಾರು, ಪಾಯಸ. ಸೀಟಿನ ಮೇಲೆ ನಮ್ಮ ಬಡಿಸುವ ಹುಡುಗ. ಮುಚ್ಚಳ ಜಾರದಿರಲೆಂದು ಅವನು ಒಂದು ಕೈಯನ್ನು ಹಿಂದಕ್ಕೆ ಚಾಚಿ ಹಿಡಿದು ಕುಳಿತಿದ್ದ. (ಹೀಗೆ ಹಿಡಿಸುವ ಅಭ್ಯಾಸ ಎಷ್ಟು ಜನರಲ್ಲಿ ಇದೆ ಎಂಬುದು ನಮಗೆಲ್ಲ ಗೊತ್ತು.) ಮೊದಲ ಮಳೆಯ ರಸ್ತೆ. ಹೈವೇಯಲ್ಲಿ ಮುಂದಿನ ರಿಕ್ಷಾ ತಟ್ಟನೆ ನಿಂತಿತು, ನಮ್ಮ ಡ್ರೈವರ್ ಬ್ರೇಕ್ ಹಾಕಿದ. ಗಾಡಿ ನಿಂತಿತು, ಆದರೆ ನೇರವಾಗಿ ನಿಲ್ಲಲಿಲ್ಲ. ಹಿಂಭಾಗ ಎಡಕ್ಕೆ ಬೀಸಿ ಡಿವೈಡರಿಗೆ ಅಡ್ಡವಾಯಿತು. ಸಾರಿನ ಕೊಳಗದ ಮುಚ್ಚಳ ಹಾರಿ ಹುಡುಗನ ಮೊಣಕೈಯಿಂದ ಕೆಳಗೆ ಸುಟ್ಟಿತು. ಆರು ವಾರ ಅವನಿಗೆ ಕೆಲಸ ಮಾಡಲಾಗಲಿಲ್ಲ. ಸಾರು ಇಲ್ಲದೆ ಊಟ ಹೇಗೋ ನಡೆಯಿತು, ಅದನ್ನು ಯಜಮಾನರು ದೊಡ್ಡ ಮನಸ್ಸಿನಿಂದ ಮರೆತರು. ಆ ಕೈಯನ್ನು ಮರೆಯಲು ನಮಗೆ ಆಗಿಲ್ಲ.

ಆಶ್ಚರ್ಯವೆಂದರೆ ಆ ಗಾಡಿಗೆ ಅದಕ್ಕೆ ಮುಂಚಿನ ಆರು ತಿಂಗಳಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆವು. ಮೂರು ಬಿಲ್ಲುಗಳೂ ಫೈಲಿನಲ್ಲಿದ್ದವು. ಗಾಡಿ ಬಲಕ್ಕೆ ಎಳೆಯುತ್ತದೆ ಎಂದು ಡ್ರೈವರ್ ಹೇಳಿದಾಗಲೆಲ್ಲ ಕಳಿಸಿದ್ದೇ. ಪ್ರತಿ ಸಲವೂ ಸ್ಟೇರಿಂಗ್ ನೇರವಾಗಿ ಬರುತ್ತಿತ್ತು, ಎರಡು ಮೂರು ವಾರಕ್ಕೆ ಮತ್ತೆ ಅದೇ ಕಥೆ. ಅಪಘಾತದ ಮೇಲೆ ಬೇರೊಬ್ಬ ಉಸ್ತಾದ್ ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿ, ಟಾರ್ಚು ಹಿಡಿದು, ನಮ್ಮನ್ನು ಕೆಳಗೆ ಕರೆದು ತೋರಿಸಿದ.

“ಸೇಠ್, ಈ ಟೈರಿನ ಒಳಬದಿ ನೋಡಿ.”

ಬಲಗಡೆಯ ಹಿಂದಿನ ಟೈರು. ಹೊರಗಿನಿಂದ ನೋಡಿದರೆ ಅರ್ಧ ಗುಂಡಿ ಇತ್ತು. ಒಳ ಅಂಚು ನುಣ್ಣಗೆ ಬೋಳಾಗಿ ನೂಲು ಕಾಣುತ್ತಿತ್ತು.

“ಮೂರು ಸಲ ಅಲೈನ್‌ಮೆಂಟ್ ಮಾಡಿಸಿದ್ದೇವಲ್ಲ?” ಎಂದೆವು.

“ಮುಂದಿನದ್ದು ಮಾಡಿಸಿದ್ದೀರಿ” ಎಂದ.

ಇಲ್ಲಿಂದ ನಮ್ಮ ವಿದ್ಯಾಭ್ಯಾಸ ಆರಂಭವಾಯಿತು.

ನಮ್ಮ ಹಿರಿಯರ ಕಾಲದಲ್ಲಿ ಮುಂಬಯಿಯ ಹೊಟೇಲಿಗರ ಗಾಡಿ ಎಂದರೆ ಫಿಯೆಟ್ ಅಥವಾ ಅಂಬಾಸಡರ್. ಫಿಯೆಟ್ 1100, ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು. ಅದರ ಕಪ್ಪು-ಹಳದಿ ಟ್ಯಾಕ್ಸಿಗಳ ಕೊನೆಯ ಗಾಡಿಗೂ ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ಮರೆಯಾದವು. ಪದ್ಮಿನಿಯಾಗಲಿ ಅಂಬಾಸಡರ್ ಆಗಲಿ, ಮುಂದಿನ ಏರ್ಪಾಡು ಬೇರೆ ಬೇರೆ: ಪದ್ಮಿನಿಗೆ ಕಾಯಿಲ್ ಸ್ಪ್ರಿಂಗು, ಅಂಬಾಸಡರಿಗೆ ಟಾರ್ಶನ್ ಬಾರ್ ಎಂಬ ತಿರುಚಿಕೊಳ್ಳುವ ಉಕ್ಕಿನ ಸಲಾಕೆ. ಆದರೆ ಹಿಂದುಗಡೆ ಎರಡೂ ಒಂದೇ. ನಮ್ಮ ಊರಿನ ಎತ್ತಿನ ಗಾಡಿಯ ಅಚ್ಚಿನ ಹಾಗೆ ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಆ್ಯಕ್ಸಲ್, ಅದನ್ನು ಹೊತ್ತ ಪಾಟಾ, ಅಂದರೆ ಲೀಫ್ ಸ್ಪ್ರಿಂಗು. ಎಷ್ಟೇ ಭಾರ ಹೇರಿದರೂ ಪಾಟಾ ಬಗ್ಗುತ್ತದೆ, ಬಾಡಿ ಕೆಳಗೆ ಇಳಿಯುತ್ತದೆ. ಎರಡು ಚಕ್ರಗಳು ಮಾತ್ರ ಒಂದಕ್ಕೊಂದು ಇದ್ದ ಹಾಗೆಯೇ ಇರುತ್ತವೆ, ಏಕೆಂದರೆ ಅವು ಒಂದೇ ಅಚ್ಚಿನ ಎರಡು ತುದಿಗಳು. ಆದ್ದರಿಂದಲೇ “ಹಿಂದಿನ ಚಕ್ರಕ್ಕೆ ಅಲೈನ್‌ಮೆಂಟ್ ಎಂಬುದಿಲ್ಲ” ಎಂಬ ಮಾತು ಗ್ಯಾರೇಜುಗಳಲ್ಲಿ ಹುಟ್ಟಿತು. ಆ ಗಾಡಿಗಳ ಮಟ್ಟಿಗೆ ಅದು ಬಹುಪಾಲು ಸರಿಯೇ ಆಗಿತ್ತು. ಸೆಂಟರ್ ಬೋಲ್ಟು ತುಂಡಾಗಿ ಅಥವಾ ಯು-ಬೋಲ್ಟು ಸಡಿಲವಾಗಿ ಆ್ಯಕ್ಸಲೇ ಓರೆಯಾದರೆ ಮಾತ್ರ ಗಾಡಿ ಏಡಿಯಂತೆ ಅಡ್ಡಡ್ಡ ನಡೆಯುತ್ತಿತ್ತು.

ಗಾಡಿಗಳು ಬದಲಾದವು, ಮಾತು ಉಳಿಯಿತು.

ಈಗ ನಮ್ಮ ಸದಸ್ಯರ ಬಳಿ ಇರುವ ಗಾಡಿಗಳ ಹಿಂಭಾಗವನ್ನು ನೋಡಿ. 1984ರಲ್ಲಿ ಬಂದು 2019ರಲ್ಲಿ ನಿಂತ ಮಾರುತಿ ಓಮ್ನಿಯದ್ದು ಹಳೆಯ ಕ್ರಮವೇ, ಗಟ್ಟಿ ಆ್ಯಕ್ಸಲ್ ಮತ್ತು ಪಾಟಾ. 2010ರ ಈಕೋದಲ್ಲಿ ಪಾಟಾ ಹೋಗಿ ಕಾಯಿಲ್ ಸ್ಪ್ರಿಂಗು ಬಂತು, ಆದರೆ ಆ್ಯಕ್ಸಲ್ ಗಟ್ಟಿಯೇ. ಕಾಯಿಲ್ ಸ್ಪ್ರಿಂಗು ಕಂಡ ಕೂಡಲೇ ಇಂಡಿಪೆಂಡೆಂಟ್ ಸಸ್ಪೆನ್ಶನ್ ಎಂದು ತಿಳಿಯುವವರಿದ್ದಾರೆ, ಹಾಗಲ್ಲ. ಎರಡು ಚಕ್ರಗಳ ನಡುವೆ ಒಂದೇ ಅಚ್ಚು ಇದೆಯೇ ಇಲ್ಲವೇ ಎಂಬುದನ್ನು ನೋಡಬೇಕು.

ಟಾಟಾದವರ ಇಂಡಿಕಾ ಬಳಗದಲ್ಲಿ ಅಚ್ಚು ಇಲ್ಲ, ಪ್ರತಿ ಚಕ್ರಕ್ಕೂ ಅದರದೇ ತೋಳು. ಅಲ್ಲಿಯೂ ಎರಡು ಬಗೆ. 1998ರ ಇಂಡಿಕಾದ ಹಿಂದಿನ ಚಕ್ರ ಸೆಮಿ-ಟ್ರೇಲಿಂಗ್ ಆರ್ಮ್ ಎಂಬ ತೋಳಿನ ತುದಿಯಲ್ಲಿದೆ. ಬಾಗಿಲಿನ ತಿರುಗಣಿಯನ್ನು ಸ್ವಲ್ಪ ಓರೆಯಾಗಿ ಹೊಡೆದರೆ ಬಾಗಿಲು ತೆರೆಯುತ್ತ ತೆರೆಯುತ್ತ ವಾಲುವುದಿಲ್ಲವೇ? ಈ ತೋಳೂ ಹಾಗೆ, ಭಾರಕ್ಕೆ ಚಕ್ರ ಮೇಲೇರಿದಾಗ ಅದರ ತಲೆ ಒಳಕ್ಕೆ ವಾಲುತ್ತದೆ. 2002ರ ಇಂಡಿಗೊ ಸೆಡಾನ್ ಮತ್ತು ಅದರಿಂದ 2004ರಲ್ಲಿ ಹುಟ್ಟಿದ ಮರೀನಾ ವ್ಯಾಗನ್‌ನಲ್ಲಿ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಜತೆಗೆ ಪ್ರತಿ ಚಕ್ರವನ್ನು ಹಿಡಿಯಲು ಮೂರು ಮೂರು ಲಿಂಕುಗಳು. ಮ್ಯಾಕ್‌ಫರ್ಸನ್ ಎಂದರೆ ಫೋರ್ಡ್ ಕಂಪೆನಿಯಲ್ಲಿದ್ದ ಒಬ್ಬ ಇಂಜಿನಿಯರ್, ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬವಾಗಿ ಮಾಡಿದ ಪುಣ್ಯಾತ್ಮ. ಈ ಮೂರು ಲಿಂಕುಗಳ ತುದಿಯಲ್ಲಿ ರಬ್ಬರ್ ಬುಷ್‌ಗಳಿವೆ. ಅವು ಗಟ್ಟಿಯಿರುವ ತನಕ ಗಾಡಿ ಓಡಿಸಲು ಸುಖ, ಓಮ್ನಿಯ ಕುಣಿತ ಇಲ್ಲವೇ ಇಲ್ಲ. ಬುಷ್ ಹರಿದ ದಿನದಿಂದ ಚಕ್ರ ತನಗೆ ಬೇಕಾದ ಕಡೆಗೆ ಮುಖ ತಿರುಗಿಸುತ್ತದೆ.

ಹಾಗಾದರೆ ಅಲೈನ್‌ಮೆಂಟ್‌ನಲ್ಲಿ ಅಳೆಯುವುದೇನು? ಟೋ, ಕ್ಯಾಂಬರ್, ಕ್ಯಾಸ್ಟರ್ ಎಂಬ ಮೂರು ಕೋನಗಳನ್ನು. ನಿಂತುಕೊಂಡು ನಿಮ್ಮದೇ ಪಾದಗಳನ್ನು ನೋಡಿಕೊಳ್ಳಿ. ಬೆರಳುಗಳು ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಗಾಡಿಯ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಕ್ಯಾಸ್ಟರ್ ನಮಗೆ ಹೊಸದಲ್ಲ, ಕಿಚನ್ ಟ್ರಾಲಿಯ ಚಕ್ರವನ್ನು ನಾವು ಕರೆಯುವುದೇ ಆ ಹೆಸರಿನಿಂದ. ಟ್ರಾಲಿ ತಳ್ಳಿದ ಕಡೆಗೆ ಆ ಚಕ್ರ ತಾನಾಗಿ ಹಿಂದೆ ಸರಿದು ನೇರವಾಗುತ್ತದೆ. ಗಾಡಿಯ ಸ್ಟೇರಿಂಗ್ ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದೂ ಅದೇ ಕಾರಣಕ್ಕೆ. ಇದು ಮುಂದಿನ ಚಕ್ರಗಳಿಗೆ ಮಾತ್ರ ಸಂಬಂಧಿಸಿದ್ದು.

ಟೈರು ತಿನ್ನುವುದರಲ್ಲಿ ಟೋ ಎಲ್ಲಕ್ಕಿಂತ ಮೊದಲು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಚಕ್ರ ಹೋಗಬೇಕಾದ ದಿಕ್ಕಿನಿಂದ ಬರೀ ಅರ್ಧ ಡಿಗ್ರಿ ಓರೆಯಿದೆ ಎನ್ನಿ. ಕಣ್ಣಿಗೆ ಏನೂ ಕಾಣದು. ಆದರೆ ಗಾಡಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಟೈರು ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಎಂಟೂಮುಕ್ಕಾಲು ಕಿಲೋಮೀಟರ್ ಅಡ್ಡ ಉಜ್ಜಾಟ. ತೆಂಗಿನಕಾಯಿ ತುರಿಯುವ ಹಾಗೆ ರಬ್ಬರು ಹೋಗದೆ ಇನ್ನೇನಾದೀತು?

ಇದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ, ನಾವು ಮೂರು ಸಲ ಮೋಸ ಹೋದದ್ದು ಅಲ್ಲಿಯೇ. ಗಾಡಿ ಯಾವ ಕಡೆಗೆ ಹೋಗಬೇಕೆಂದು ಸ್ಟೇರಿಂಗ್ ಹೇಳುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಹಿಂದಿನ ಎರಡು ಚಕ್ರಗಳು ಕೂಡಿ ಯಾವ ದಿಕ್ಕಿಗೆ ಮುಖ ಮಾಡಿವೆಯೋ ಹಿಂಭಾಗ ಆ ದಿಕ್ಕಿಗೆ ತಳ್ಳುತ್ತಿರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಥ್ರಸ್ಟ್ ಆ್ಯಂಗಲ್ ಎನ್ನುತ್ತಾರೆ. ಹಿಂದೆ ಒಂದು ಚಕ್ರ ಹೊರಮುಖವಾದರೆ ಡ್ರೈವರ್ ಸ್ಟೇರಿಂಗನ್ನು ಒಂದಿಷ್ಟು ಓರೆ ಹಿಡಿದೇ ನೇರ ಹೋಗಬೇಕು. ಗ್ಯಾರೇಜಿನವರು ಮುಂದಿನ ಟೈ-ರಾಡ್ ತಿರುಗಿಸಿ ಸ್ಟೇರಿಂಗ್ ನೇರ ಮಾಡಿಕೊಡುತ್ತಾರೆ. ರೋಗ ಹಾಗೆಯೇ ಇರುತ್ತದೆ, ಜ್ವರ ಮಾತ್ರ ಇಳಿದಂತೆ ಕಾಣುತ್ತದೆ.

ನಮ್ಮ ಗಾಡಿಯ ರೋಗ ಹೀಗಿತ್ತು. ಅಪಘಾತಕ್ಕೆ ಎಂಟು ತಿಂಗಳ ಹಿಂದೆ ಹಿಂದಿನ ಎಡ ಸ್ಪ್ರಿಂಗು ತುಂಡಾಗಿತ್ತು. ಉಳಿತಾಯವೆಂದು ನಾವೇ ಒಂದೇ ಸ್ಪ್ರಿಂಗು ಹಾಕಲು ಹೇಳಿದ್ದೆವು. ಗ್ಯಾರೇಜಿನವನು ಮಾರ್ಕೆಟಿನಿಂದ ತಂದು ಹಾಕಿದ್ದು ಬೇರೆ ಮಾಡೆಲ್ಲಿನದು, ಒಂದು ಬೆರಳು ಎತ್ತರ. ಬಲಗಡೆ ಹದಿಮೂರು ವರ್ಷ ಕೊಳಗ ಹೊತ್ತು ಕುಸಿದ ಹಳೆಯ ಸ್ಪ್ರಿಂಗು. ಗಾಡಿ ಬಲಕ್ಕೆ ವಾಲಿ ನಿಂತಿತು. ಆ ಮೂಲೆಯ ಲಿಂಕಿನ ಬುಷ್ ಮೇಲೆ ಹೊರೆ ಹೆಚ್ಚಿ ಹರಿಯಿತು. ಖಾಲಿ ಗಾಡಿಯಲ್ಲಿ ಅದರ ದೋಷ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಕೊಳಗ ಹೇರಿದ ಕೂಡಲೇ ಚಕ್ರದ ತಲೆ ಒಳಕ್ಕೂ ಮುಖ ಹೊರಕ್ಕೂ ಹೋಗುತ್ತಿತ್ತು. ಅಲೈನ್‌ಮೆಂಟಿಗೆ ಗಾಡಿಯನ್ನು ನಾವು ಕಳಿಸುತ್ತಿದ್ದುದು ಖಾಲಿ. ಇದರಲ್ಲಿ ಗ್ಯಾರೇಜಿನವನ ತಪ್ಪು ಎಷ್ಟೋ, ಒಂದೇ ಸ್ಪ್ರಿಂಗು ಸಾಕೆಂದ ನಮ್ಮ ತಪ್ಪೂ ಅಷ್ಟೇ ಎಂದು ಒಪ್ಪಿಕೊಳ್ಳುತ್ತೇವೆ.

ಆದ್ದರಿಂದ ಅಲೈನ್‌ಮೆಂಟ್ ಮಾಡಿಸುವ ಮುನ್ನ ಗಾಡಿಯ ಕೆಳಗೆ ಒಮ್ಮೆ ನೋಡಿಸಿ. ಸಡಿಲವಾದ ಬಾಲ್ ಜಾಯಿಂಟು, ಟೈ-ರಾಡ್ ಎಂಡು, ಹರಿದ ಬುಷ್, ಶಬ್ದ ಮಾಡುವ ವೀಲ್ ಬೇರಿಂಗು, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರು ಇಟ್ಟುಕೊಂಡು ಮೆಶಿನ್ ಮೇಲೆ ನಿಲ್ಲಿಸಿದರೆ ಬರುವ ಅಂಕಿ ಗೇಟು ದಾಟುವ ತನಕ ಮಾತ್ರ ನಿಜ. ನಮ್ಮ ದೇಶದ ಬಹುತೇಕ ಮ್ಯಾಕ್‌ಫರ್ಸನ್ ಗಾಡಿಗಳಲ್ಲಿ ಮುಂದಿನ ಟೋ ಒಂದನ್ನೇ ತಿರುಗಿಸಿ ಹೊಂದಿಸಲು ಬರುವುದು. ಕ್ಯಾಂಬರ್, ಕ್ಯಾಸ್ಟರ್ ಅಳತೆ ತಪ್ಪಿದೆ ಎಂದು ಮೆಶಿನ್ ತೋರಿಸಿದರೆ ಎಲ್ಲೋ ಏನೋ ಬಾಗಿದೆ, ಸವೆದಿದೆ ಅಥವಾ ಕುಸಿದಿದೆ ಎಂದೇ ಅರ್ಥ. “ಅದು ಅಡ್ಜಸ್ಟ್ ಆಗುವುದಿಲ್ಲ, ಹೀಗೇ ಇರಲಿ” ಎಂಬ ಉತ್ತರಕ್ಕೆ ತಲೆಯಾಡಿಸಿ ಬರಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಸಮತಟ್ಟು ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಗಾಳಿ ಸರಿಯಿರಲಿ, ನಾಲ್ಕೂ ಮೂಲೆ ಒತ್ತಿ ಬಿಡಿ. ಒತ್ತಿ ಬಿಟ್ಟ ಮೇಲೆ ಗಾಡಿ ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ನಂತರ ಟೇಪು ಹಿಡಿದು ನೆಲದಿಂದ ಮಡ್‌ಗಾರ್ಡಿನ ಕಮಾನಿನವರೆಗೆ, ಚಕ್ರದ ನಡುವಿನಿಂದ ನೇರವಾಗಿ ಅಳೆಯಿರಿ. ಒಂದೇ ಆ್ಯಕ್ಸಲಿನ ಎಡ ಬಲಗಳ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸ್ಪ್ರಿಂಗಿನ ಕಡೆ ನೋಡಬೇಕು. ನಮ್ಮದರಲ್ಲಿ ಎರಡೂವರೆ ಇತ್ತು! ಎಂಟು ತಿಂಗಳು ದಿನಾ ಆ ಗಾಡಿ ಹತ್ತಿ ಇಳಿದರೂ ಕಾಣಲಿಲ್ಲ. ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿ, ಒಂದು ಕಡೆಗೆ ನುಣುಪು, ಮರಳಿ ಬರುವಾಗ ಗರಗಸದಂತೆ ಹಲ್ಲು ತಾಗಿದರೆ ಟೋ ಕೆಟ್ಟಿದೆ. ಒಳ ಅಂಚನ್ನು ಬಗ್ಗಿ ನೋಡಲೇಬೇಕು, ಕೈ ಹಾಕಿ ಮುಟ್ಟಲೇಬೇಕು. ತೋಡುಗಳ ತಳದಲ್ಲಿರುವ ಚಿಕ್ಕ ದಿಬ್ಬಗಳು 1.6 ಮಿಲಿಮೀಟರಿನ ಗುರುತು. ಟೈರಿನ ಯಾವ ಭಾಗವೇ ಅಲ್ಲಿಗೆ ಇಳಿದರೂ ಟೈರಿನ ಆಯುಷ್ಯ ಮುಗಿಯಿತು. ಸ್ಟೇರಿಂಗ್ ನಡುಗುವುದು ಮಾತ್ರ ಬೇರೆ ರೋಗ, ಅದು ಹೆಚ್ಚಾಗಿ ಬ್ಯಾಲೆನ್ಸಿಂಗಿನದು. ಎರಡನ್ನೂ ಒಂದೇ ಎಂದು ತಿಳಿದು ಒಂದಕ್ಕೆ ಹಣ ಕೊಟ್ಟು ಇನ್ನೊಂದನ್ನು ಬಯಸುವವರು ಬಹಳ.

ಭಾರ ಹೇರುವ ರೀತಿಯೂ ಇದಕ್ಕೇ ಸೇರಿದ್ದು. ಐವತ್ತು ಲೀಟರಿನ ತುಂಬಿದ ಕೊಳಗ ಪಾತ್ರೆ ಸಮೇತ ಅರವತ್ತು ಕಿಲೋ ಮುಟ್ಟುತ್ತದೆ. ಮೂರು ಕೊಳಗ, ಒಂದಿಷ್ಟು ಸೌಟು ತಟ್ಟೆ ಸೇರಿ 200 ಕಿಲೋ. ಅದನ್ನು ಹಿಂದಿನ ಚಕ್ರಕ್ಕಿಂತ ಅರ್ಧ ಮೀಟರ್ ಹಿಂದೆ ಇಟ್ಟರೆ, ಎರಡೂವರೆ ಮೀಟರ್ ವೀಲ್‌ಬೇಸಿನ ಗಾಡಿಯಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು 200 ಅಲ್ಲ, 240 ಕಿಲೋ. ಆ ಹೆಚ್ಚಿನ 40 ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ ಎದ್ದು ಬಂತು, ತಕ್ಕಡಿಯ ಲೆಕ್ಕ. ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟು ಆಕಾಶ ನೋಡುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಹಿಡಿತ ಕಡಿಮೆಯಾಗುತ್ತದೆ. ಈಗ ನಾವು ಹಿಂದಿನ ಸೀಟು ಮಡಚಿ ಕೊಳಗಗಳನ್ನು ಮುಂದಿನ ಸೀಟಿನ ಬೆನ್ನಿಗೆ ತಂದು ಬೆಲ್ಟಿನಿಂದ ಬಿಗಿಯುತ್ತೇವೆ. ಬಾಳೆ ಎಲೆ, ಹಪ್ಪಳ, ಪ್ಲೇಟುಗಳು ಬಾಲಕ್ಕೆ. ಮುಚ್ಚಳಕ್ಕೆ ಕ್ಲಾಂಪು ಹಾಕಿಸಿದ್ದೇವೆ. ವ್ಯಾಗನ್‌ನಲ್ಲಿ ಸಾಮಾನಿಗೂ ಮನುಷ್ಯನಿಗೂ ನಡುವೆ ಗೋಡೆ ಇಲ್ಲ, ಆದ್ದರಿಂದ ಹುಡುಗರು ಬೇರೆ ಗಾಡಿಯಲ್ಲಿ ಅಥವಾ ಲೋಕಲ್ ಟ್ರೈನಿನಲ್ಲಿ ಹೋಗುತ್ತಾರೆ. ಐದು ಜನರನ್ನು ತಲಾ 70 ಕಿಲೋದಂತೆ ಲೆಕ್ಕ ಹಿಡಿದರೆ 350 ಆಯಿತು. ಕೊಳಗಗಳ ಜತೆಗೆ ನಾಲ್ಕು ಜನರನ್ನೂ ಕೂರಿಸಿದರೆ ಅದನ್ನು ದಾಟಿಯೇ ಬಿಡುತ್ತದೆ.

ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್‌ಗಳ ಬಗ್ಗೆ ಪುಣೆಯ ಕೆಲವು ಮಿತ್ರರು ಕೇಳಿದ್ದರು. ಹಿಂಭಾಗ ಎತ್ತರವಾಗಿ ಕಾಣುತ್ತದೆ ನಿಜ. ಸ್ಪ್ರಿಂಗಿನ ಶಕ್ತಿ ಕುಂದಿದ್ದನ್ನು ಅದು ಮರೆಮಾಚುತ್ತದೆ, ಎತ್ತರ ಬದಲಾಗಿ ಚಕ್ರದ ಕೋನವೂ ಬದಲಾಗುತ್ತದೆ. ಓಮ್ನಿಗೆ ಒಂದು ಪಾಟಾ ಹೆಚ್ಚು ಹಾಕಿಸುವುದು ಬೇರೆ ಮಾತು, ಅಲ್ಲಿ ಕೋನ ಕೆಡುವುದಿಲ್ಲ. ಆದರೆ ಬ್ರೇಕು, ಟೈರು, ಬೇರಿಂಗುಗಳು ಹಳೆಯವೇ ಇರುತ್ತವೆ, ಅವುಗಳ ಶಕ್ತಿ ಹೆಚ್ಚುವುದಿಲ್ಲ. ಸ್ಪ್ರಿಂಗಾಗಲಿ ಶಾಕ್ ಅಬ್ಸಾರ್ಬರಾಗಲಿ ಎರಡೂ ಬದಿ ಜೋಡಿಯಾಗಿ ಬದಲಿಸಿ. ಪೆಟ್ರೋಲೋ ಡೀಸೆಲ್ಲೋ, ಇಂಡಿಕಾವೋ ಇಂಡಿಗೊವೋ ಮರೀನಾವೋ, ಯಾವ ವರ್ಷದ್ದೋ ಎಂದು ಹೇಳಿ ಪಾರ್ಟ್ ನಂಬರ್ ಹಿಡಿದೇ ಕೊಳ್ಳಿ. ಮರೀನಾ ಈಗ ತಯಾರಾಗುತ್ತಿಲ್ಲವಾದ್ದರಿಂದ ಅಂಗಡಿಯವನು “ಇದೂ ನಡೆಯುತ್ತದೆ” ಎನ್ನುವುದು ಸಹಜ. ಎರಡು ದಿನ ಕಾಯುವುದು ಲೇಸು.

ರಿಪೇರಿ ಮುಗಿದ ಮೇಲೆ ನಾವು ಒಂದು ಕೆಲಸ ಮಾಡಿದೆವು, ಉಸ್ತಾದ್ ಮೊದಲು ನಕ್ಕ. ನಾಲ್ಕೂ ಚಕ್ರಕ್ಕೆ ಸೆನ್ಸರ್ ಹಾಕುವ ಮೆಶಿನ್ ಇರುವ ಕಡೆ ಗಾಡಿ ಒಯ್ದು, ಕಂಪೆನಿ ಹೇಳಿದ ಹಾಗೆ ಖಾಲಿಯಾಗಿಯೇ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ತೆಗೆಸಿದೆವು. ಬಳಿಕ ಮೂರು ಕೊಳಗಗಳಿಗೆ ನೀರು ತುಂಬಿಸಿ ಒಳಗಿಟ್ಟು ಇನ್ನೊಮ್ಮೆ ಬರೀ ಅಳತೆ ತೆಗೆಸಿದೆವು, ಯಾವ ಬೋಲ್ಟನ್ನೂ ಮುಟ್ಟಿಸಲಿಲ್ಲ. ಭಾರಕ್ಕೆ ಹಿಂದಿನ ಎರಡು ಚಕ್ರಗಳ ಕೋನವೂ ಬದಲಾಗಿತ್ತು, ಆದರೆ ಎಡಕ್ಕೆ ಎಷ್ಟೋ ಬಲಕ್ಕೂ ಹೆಚ್ಚುಕಡಿಮೆ ಅಷ್ಟೇ. ಬುಷ್‌ಗಳು ಗಟ್ಟಿ ಇವೆ ಎಂಬುದಕ್ಕೆ ಅದೇ ಸಾಕ್ಷಿ. ಆ ಎರಡು ಕಾಗದಗಳನ್ನು ಗಾಡಿಯ ಡೈರಿಯಲ್ಲಿ ಅಂಟಿಸಿದ್ದೇವೆ. ಹದಿನೈದು ವರ್ಷ ತುಂಬಿ ಆರ್‌ಟಿಒದಲ್ಲಿ ನೋಂದಣಿ ನವೀಕರಿಸುವ ಹೊತ್ತಿಗೆ ಅದೇ ಡೈರಿ ಉಪಯೋಗಕ್ಕೆ ಬಂತು, ಇನ್‌ಸ್ಪೆಕ್ಟರಿಗೆ ತೋರಿಸಲಿಕ್ಕಲ್ಲ, ಯಾವ ಪಾರ್ಟು ಯಾವಾಗ ಹಾಕಿದ್ದೆಂದು ನಮಗೇ ನೆನಪಾಗಲಿಕ್ಕೆ.

ಈಗ ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ಗಣೇಶ ಚೌತಿಯ ಹೊಂಡಗಳನ್ನೆಲ್ಲ ದಾಟಿದ ಮೇಲೆ ಒಮ್ಮೆ, ಗಾಡಿ ಮೆಶಿನ್ ಹತ್ತುತ್ತದೆ. ಡ್ರೈವರ್‌ಗೆ ಕೊಟ್ಟ ಸೂಚನೆ ಇಷ್ಟು: ಸೋಮವಾರ ಬೆಳಿಗ್ಗೆ ತಣ್ಣಗಿರುವಾಗಲೇ ಬಾಗಿಲಿನ ಪಟ್ಟಿಯಲ್ಲಿ ಬರೆದ ಪ್ರಕಾರ ಗಾಳಿ ನೋಡಬೇಕು, ಆರ್ಡರ್ ಇರುವ ದಿನ ಭಾರದ ಅಳತೆಗೆ ಹೇಳಿದಷ್ಟು ಏರಿಸಬೇಕು, ನಾಲ್ಕೂ ಟೈರಿನ ಒಳ ಅಂಚಿಗೆ ಕೈ ಹಾಕಿ ನೋಡಬೇಕು. ಕೈ ಕಪ್ಪಾಗಿದೆಯೇ ಎಂದು ನೋಡುವುದು ಆ ಬಡಿಸುವ ಹುಡುಗನ ಕೆಲಸ. ಅವನೀಗ ನಮ್ಮ ಸ್ಟೋರ್ ನೋಡಿಕೊಳ್ಳುತ್ತಾನೆ, ಕೈ ಕಪ್ಪಾಗದಿದ್ದರೆ ಗಾಡಿಯ ಕೀ ಕೊಡುವುದಿಲ್ಲ.